ಅಕ್ಕ ತಂಗಿ ತೆಳ್ಳಗಾದ ವರ್ಷ

ರೈಲು ನಿಲ್ದಾಣದ ಹಿಂದಿನ ಬೀದಿಯ ಲಾಂಡ್ರಿಗೆ ಅಕ್ಕ ತಂಗಿ ಇಬ್ಬರೇ ಆಳು, ಇಬ್ಬರೇ ಒಡತಿಯರು. ಅಕ್ಕ ಮದುವೆಯಾಗಿರಲಿಲ್ಲ; ಗಂಡ ತೀರಿಕೊಂಡ ಮೇಲೆ ತಂಗಿಯೂ ಅಂಗಡಿಯ ಮೇಲಿನ ಕೋಣೆಗೇ ಬಂದಿದ್ದಳು. ಅಕ್ಕ ಬಾಗಿಲಲ್ಲಿ ಕೂತು ಬಟ್ಟೆಗಳಿಗೆ ಗುರುತಿನ ಚೀಟಿ ಹೊಲಿಯುತ್ತಿದ್ದಳು, ತಂಗಿ ಒಳಗೆ ನಿಂತು ಇಸ್ತ್ರಿ ಮಾಡುತ್ತಿದ್ದಳು. ಅಕ್ಕ ಬಾಗಿಲು, ತಂಗಿ ಅಗುಳಿ ಎಂದು ಬೀದಿಯವರು ನಗುತ್ತಿದ್ದರು.

ಒಮ್ಮೆ ಅಕ್ಕನ ಬೆರಳಿಗೆ ಸೂಜಿ ಚುಚ್ಚಿದ ಗಾಯ ಮಾಯದೆ ಕೀವು ತುಂಬಿತು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು.

"ಶುಗರ್ ಬಂದಿದೆ ಕಣಮ್ಮಾ. ಮಾತ್ರೆ ಕೊಡ್ತೀನಿ. ಆದ್ರೆ ಹೊಟ್ಟೆ ಸುತ್ತ ಇರೋ ಕೊಬ್ಬು ಇಳಿಸಿದ್ರೆ ಶುಗರ್ರೂ ಇಳಿಯುತ್ತೆ. ದಿನಾ ನಡೀರಿ."

ಅಕ್ಕ ಮಂಕಾಗಿ ಮನೆಗೆ ಬಂದಳು. "ಒಬ್ಳೇ ಯಾಕೆ ನಡೀತೀಯಾ? ನಾನೂ ಬರ್ತೀನಿ," ಎಂದಳು ತಂಗಿ.

"ನಿಂಗೇನೇ ಇದೆ ಇಳಿಸೋಕೆ? ಮೂಳೆನಾ?"

ಮರುದಿನದಿಂದ ಬೆಳಗಾಗುತ್ತಲೇ ಇಬ್ಬರೂ ರೈಲು ಹಳಿಯ ಗೋಡೆಯುದ್ದಕ್ಕೂ ನಡೆದರು. ಅಕ್ಕ ಏದುಸಿರು ಬಿಟ್ಟು ಕಲ್ಲಿನ ಮೇಲೆ ಕೂತರೆ ತಂಗಿ ರಟ್ಟೆ ಹಿಡಿದು ಎಬ್ಬಿಸುತ್ತಿದ್ದಳು. ಅಕ್ಕ ಬಾಯಿ ಕಟ್ಟಿದಳು. ತಿಂಗಳುಗಳು ಕಳೆದಂತೆ ಅವಳ ಮೈ ನಿಧಾನವಾಗಿ ಇಳಿಯಿತು. ತಂಗಿಯ ಮೈ ಅದಕ್ಕಿಂತ ಬೇಗ ಇಳಿಯಿತು.

"ನಾನು ಅಳೆದು ತಿಂದ್ರೂ ಈ ಮೈ ಜಪ್ಪಯ್ಯ ಅನ್ನಲ್ಲ. ನೀನು ಎರಡೆರಡು ಸಲ ಬಡಿಸ್ಕೊಂಡೂ ಕರಗ್ತಿದೀಯಲ್ಲೇ, ಪುಣ್ಯಾತ್ಗಿತ್ತಿ!" ಅಕ್ಕನಿಗೆ ಒಳಗೊಳಗೇ ಹೊಟ್ಟೆಕಿಚ್ಚು.

ತಂಗಿ ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು. ಇಸ್ತ್ರಿಯ ಶಾಖಕ್ಕೆ ದಾಹ ಎಂದಳು. ಮತ್ತೆ ಮತ್ತೆ ಬಚ್ಚಲಿಗೆ ಹೋಗುತ್ತಿದ್ದಳು. ಕುಡಿದ ನೀರು ಹೋಗಬೇಡವೇ ಎಂದಳು. ಅಕ್ಕನಿಗೆ ಅನುಮಾನ ಬರದೆ ಇರಲಿಲ್ಲ.

"ನೀನೂ ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳೇ."

"ಅದು ದಪ್ಪಗಿರೋರ ಕಾಯಿಲೆ ಅಕ್ಕಾ. ನನ್ನ ಹತ್ರ ಬಂದ್ರೆ ಅದಕ್ಕೆ ಕೂರೋಕೆ ಜಾಗ ಎಲ್ಲಿದೆ?"

ಇಬ್ಬರೂ ನಕ್ಕರು. ಮಾತು ಅಲ್ಲಿಗೇ ನಿಂತಿತು.

ಆ ಮಳೆಗಾಲದಲ್ಲಿ ಅಕ್ಕನ ಶುಗರ್ ಹತೋಟಿಗೆ ಬಂತು. ಡಾಕ್ಟರಮ್ಮ ಬೆನ್ನು ತಟ್ಟಿ ಮಾತ್ರೆ ಕಡಿಮೆ ಮಾಡಿದರು. ಸುದ್ದಿ ಹೇಳಲು ಅಕ್ಕ ಓಡೋಡಿ ಬಂದಳು. ಅಂಗಡಿ ತುಂಬ ಸುಟ್ಟ ಬಟ್ಟೆಯ ವಾಸನೆ. ಇಸ್ತ್ರಿ ಪೆಟ್ಟಿಗೆ ಯಾರದೋ ಬಿಳಿ ಅಂಗಿಯ ಮೇಲೆ ಹಾಗೇ ಕೂತಿತ್ತು. ತಂಗಿ ಮೇಜಿನ ಕೆಳಗೆ ಬಿದ್ದು, ಓಡಿ ಬಂದವಳಂತೆ ಉಸಿರೆಳೆಯುತ್ತಿದ್ದಳು.

ಆಸ್ಪತ್ರೆಯಲ್ಲಿ ಅವಳಿಗೆ ಮತ್ತೆ ಎಚ್ಚರವಾಗಲಿಲ್ಲ. ಶುಗರ್ ವಿಪರೀತ ಏರಿತ್ತು ಎಂದರು ಅಲ್ಲಿನ ವೈದ್ಯರು.

"ಅವಳು ಕಡ್ಡಿ ಹಾಗಿದ್ದಳಲ್ಲ ಸ್ವಾಮಿ! ಶುಗರ್ ಇರೋದು ನಂಗೆ, ನಡೆದು ಮೈ ಇಳಿಸಿದ್ದೂ ನಾನು. ಅವಳು ಇನ್ನೂ ತೆಳ್ಳಗಾಗ್ತಾನೇ ಇದ್ಲು!"

"ತೆಳ್ಳಗಿರೋರಿಗೂ ಬರುತ್ತಮ್ಮಾ. ತಿಂದಿದ್ದು ಮೈಗೆ ಹತ್ತದೆ, ಮೈ ತನ್ನನ್ನೇ ತಿಂದ್ಕೊಂಡಿದೆ. ನೀವು ಇಳಿದಿದ್ದು ವಾಸಿಯಾಗ್ತಾ. ಅವರು ಇಳಿದಿದ್ದು ಕಾಯಿಲೆಯಿಂದ."

ಮರುದಿನ ತಂಗಿ ತೀರಿಕೊಂಡಳು. ಅಕ್ಕ ಕೈಯಾರೆ ಅವಳ ರವಿಕೆ ಬದಲಿಸಿದಳು. ಅದು ಎರಡು ಸಲ ಬಿಗಿ ಮಾಡಿ ಹೊಲಿದ ರವಿಕೆ. ಎರಡು ಸಲವೂ ಹೊಗಳುತ್ತ ಹೊಲಿದುಕೊಟ್ಟವಳು ಅಕ್ಕನೇ.

ಈಗ ಇಸ್ತ್ರಿಗೂ ಅವಳೇ ನಿಲ್ಲುತ್ತಾಳೆ. "ಎಷ್ಟು ತೆಳ್ಳಗಾಗ್ಬಿಟ್ರಿ, ನೋಡೋಕೇ ಖುಷಿ," ಎಂದು ಗಿರಾಕಿಗಳು ಹೇಳಿದರೆ ಬಟ್ಟೆ ಎಣಿಸಿ ಕೊಡುತ್ತಾಳೆ. ಶುಗರ್ ಚೆನ್ನಾಗಿದೆ ಎಂದು ಡಾಕ್ಟರಮ್ಮ ಹೇಳಿದಾಗಲೆಲ್ಲ, ಕದ್ದು ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸುತ್ತಾಳೆ.