ವಾರ್ಡಿನ ಮಧ್ಯಾಹ್ನದ ಊಟ

ಮೈಸೂರಿನಲ್ಲಿ ನರ್ಸಿಂಗ್ ಓದಿ ಆಸ್ಟ್ರೇಲಿಯಾದ ಪರ್ತ್‌ಗೆ ಬಂದಾಗ ಮ್ಯಾನೇಜರ್ ಆಗುವ ಯೋಚನೆಯೇ ನನಗಿರಲಿಲ್ಲ. ಅಲ್ಲಿನ ನನ್ನ ಮೇಲಧಿಕಾರಿ ಗಟ್ಟಿ ದನಿಯ ಹೆಂಗಸು. ಒಂದು ದಿನ ನನ್ನನ್ನು ಮೀಟಿಂಗಿಗೆ ಕರೆದುಕೊಂಡು ಹೋದವರು, "ವಾರ್ಡಿನ ವಿಷಯ ಇವಳೇ ಹೇಳ್ತಾಳೆ" ಎಂದು ಸುಮ್ಮನೆ ಕೂತುಬಿಟ್ಟರು. ಹೇಗೋ ಹೇಳಿದೆ. ಆಮೇಲೆ ಪ್ರತಿ ಮೀಟಿಂಗಿಗೂ ಕರೆದರು. ಬ್ರಿಸ್ಬೇನಿನ ಆಸ್ಪತ್ರೆಯೊಂದರಲ್ಲಿ ವಯಸ್ಸಾದವರ ವಾರ್ಡಿಗೆ ಮ್ಯಾನೇಜರ್ ಬೇಕಾದಾಗ, ಹಿಂಜರಿಯುತ್ತಿದ್ದ ನನ್ನಿಂದ ಅರ್ಜಿ ಹಾಕಿಸಿದವರೂ ಅವರೇ.

ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಮನೆ ಮಾಡಿಕೊಂಡು ದಿನಾ ರೈಲಿನಲ್ಲಿ ಬ್ರಿಸ್ಬೇನಿಗೆ ಓಡಾಡತೊಡಗಿದೆ. ಮೊದಲ ವಾರದಲ್ಲೇ ಒಂದು ವಿಷಯ ಕಿವಿಗೆ ಬಿತ್ತು. ನನಗೆ ಸಿಕ್ಕ ಕೆಲಸಕ್ಕೆ ಆ ವಾರ್ಡಿನ ಹಿರಿಯ ನರ್ಸ್ ಕೂಡ ಅರ್ಜಿ ಹಾಕಿದ್ದರಂತೆ. ಅವರು ನನ್ನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದರು. ಒಂದು ಸಂಜೆ ಸ್ಟೇಷನ್ನಿಗೆ ಹೊರಟವಳಿಗೆ ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಅವರು ಸಿಕ್ಕಾಗ ಧೈರ್ಯ ಮಾಡಿ, "ನಿಮಗೆ ಬೇಜಾರಾಗಿದೆ ಅಂತ ಗೊತ್ತು" ಅಂದೆ.

"ಆಗಿದೆ. ನಿನ್ನ ಮೇಲಲ್ಲ" ಅಂದರು. "ಸ್ವಲ್ಪ ದಿನ ನನ್ನ ಪಾಡಿಗೆ ಬಿಡು."

ಬಿಟ್ಟೆ.

ಒಂದು ಮಧ್ಯಾಹ್ನ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ ಅಜ್ಜಿಯ ಊಟದ ಟ್ರೇ ಮುಚ್ಚಿದ್ದು ಮುಚ್ಚಿದಂತೆಯೇ ವಾಪಸ್ ಹೋಗುತ್ತಿತ್ತು. "ಹಸಿವಿಲ್ವಾ?" ಎಂದು ಕೇಳಿದೆ.

"ಹಸಿವಿದೆ ಮಗು. ಕೈ ನಡುಗುತ್ತೆ, ಮುಚ್ಚಳ ತೆಗೆಯೋಕಾಗಲಿಲ್ಲ. ಎಲ್ಲರೂ ಡಾಕ್ಟರ ಹಿಂದೆ ಓಡಾಡ್ತಿದ್ರು. ಕರೆದು ತೊಂದರೆ ಕೊಡೋದು ಯಾಕೆ ಅನ್ನಿಸ್ತು."

ಊಟ ಬರುವ ಹೊತ್ತಿಗೇ ಡಾಕ್ಟರ ರೌಂಡ್ಸ್ ಇರುತ್ತಿತ್ತು. ಊಟ ಮಾಡಿಸಬೇಕಾದ ಕೈಗಳೆಲ್ಲ ಫೈಲ್ ಹಿಡಿದು ಅವರ ಹಿಂದಿರುತ್ತಿದ್ದವು. ಅಜ್ಜಿಗೆ ಸ್ಯಾಂಡ್‌ವಿಚ್ ತರಿಸಿಕೊಟ್ಟು, ನೇರವಾಗಿ ಹಿರಿಯ ನರ್ಸ್ ಹತ್ತಿರ ಹೋಗಿ ವಿಷಯ ಹೇಳಿದೆ.

"ಇದನ್ನ ನಾನು ಎಷ್ಟು ಸಲ ಹೇಳಿದ್ದೀನೋ! ಯಾರು ಕೇಳಿದ್ರು?" ಅವರ ಕಣ್ಣು ತುಂಬಿತ್ತು. ಅಷ್ಟು ದಿನ ನಾನು ಬಿಗುಮಾನ ಅಂದುಕೊಂಡಿದ್ದರಲ್ಲಿ ಅರ್ಧಕ್ಕರ್ಧ ಆಯಾಸವಿತ್ತು.

"ಇನ್ನೊಂದು ಸಲ ಹೇಳಿ. ಈ ಸಲ ನಾನು ಪಕ್ಕದಲ್ಲಿರ್ತೀನಿ."

ಡಾಕ್ಟರು ಮೊದಲು ಒಪ್ಪಲಿಲ್ಲ. "ಬೆಳಿಗ್ಗೆ ಕ್ಲಿನಿಕ್ ಇದೆ. ನನಗೆ ಬೇರೆ ಟೈಮ್ ಎಲ್ಲಿದೆ?" ಎಂದು ಸಿಡುಕಿದರು. ಹಿರಿಯ ನರ್ಸ್ ದನಿ ಏರಿಸದೆ, ಯಾರ್ಯಾರ ಟ್ರೇ ತುಂಬಿದ್ದು ತುಂಬಿದಂತೆಯೇ ವಾಪಸ್ ಹೋಯಿತು ಎಂದು ವಿವರಿಸಿದರು. ಕಿಟಕಿ ಪಕ್ಕದ ಅಜ್ಜಿಯ ಮಾತು ಬಂದಾಗ ಡಾಕ್ಟರು ತಲೆ ಎತ್ತಿದರು.

"ಅವರ ತೂಕ ಯಾಕೆ ಇಳೀತಿದೆ ಅಂತ ನಾನು ಟೆಸ್ಟ್ ಬರೆದಿದ್ದೀನಲ್ಲ" ಅಂದರು. ಆಮೇಲೆ ತಮ್ಮ ಡೈರಿ ತೆಗೆದು ಮಧ್ಯಾಹ್ನದ ವೇಳೆ ನೋಡತೊಡಗಿದರು. ಮರುವಾರದಿಂದ ರೌಂಡ್ಸ್ ಊಟದ ನಂತರಕ್ಕೆ ಹೋಯಿತು.

ಎಲ್ಲವೂ ಸಲೀಸಾಗಲಿಲ್ಲ. ಮಧ್ಯಾಹ್ನದ ಬೇರೆ ಕೆಲಸಗಳು ತಡವಾದವು, ಕೆಲವರು ಗೊಣಗಿದರು. ಆದರೆ ಊಟದ ಹೊತ್ತಿನಲ್ಲಿ ನಾವೆಲ್ಲ ಒಬ್ಬೊಬ್ಬರ ಪಕ್ಕ ಕೂರತೊಡಗಿದೆವು. ನಾನೂ ಕೂತೆ, ಎಷ್ಟೋ ಸಲ ತೋಳಿಗೆ ಗ್ರೇವಿ ಮೆತ್ತಿಕೊಂಡೇ ಮೀಟಿಂಗಿಗೆ ಓಡಿದ್ದೇನೆ. ಅಜ್ಜಿ ನಿಧಾನವಾಗಿ ಚೇತರಿಸಿಕೊಂಡು ಮಗಳ ಮನೆಗೆ ಹೋದರು.

ಅಡಿಲೇಡ್‌ನಲ್ಲಿ ಹಲವು ವಾರ್ಡುಗಳನ್ನು ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಾಗ, ನಾನು ಬಿಟ್ಟುಹೋಗುವ ಜಾಗಕ್ಕೆ ಅರ್ಜಿ ಹಾಕುವಂತೆ ಹಿರಿಯ ನರ್ಸ್‌ಗೆ ದುಂಬಾಲು ಬಿದ್ದೆ. "ಇನ್ನೊಂದು ಸಲ ಬೇಡ ಅನ್ನಿಸಿಕೊಳ್ಳೋಕೆ ನನ್ನಿಂದಾಗಲ್ಲ" ಅಂದರು. ಕೊನೆಗೆ ಹಾಕಿದರು, ಸಿಕ್ಕಿತು.

ನಾನು ಅಡಿಲೇಡ್ ಪಕ್ಕದ ಸ್ಯಾಲಿಸ್‌ಬರಿಯ ಮನೆಯಲ್ಲಿ ಪೆಟ್ಟಿಗೆ ಬಿಚ್ಚುತ್ತಿದ್ದಾಗ ಅವರ ಫೋನ್ ಬಂತು.

"ಮ್ಯಾನೇಜರ್ ಆದ ಮೇಲೆ ನಾನು ಟೀ ರೂಮಿಗೆ ಹೋದ್ರೆ ಎಲ್ಲರೂ ಮಾತು ನಿಲ್ಲಿಸಿಬಿಡ್ತಾರೆ. ನಿನಗೂ ಹೀಗೇ ಆಗ್ತಿತ್ತಾ?"

"ದಿನಾ ಆಗ್ತಿತ್ತು."

"ಆಗ ನಿಲ್ಲಿಸ್ತಿದ್ದವರಲ್ಲಿ ನಾನೂ ಒಬ್ಬಳು" ಎಂದು ಅವರು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.