ಮೂರನೇ ಸಲದ ಪದ

ನಮ್ಮಪ್ಪ ತಾವ್ ವೆನ್‌ಬೋ, ಯಾಂಗ್‌ಝೌ ಪಟ್ಟಣದ ಕಾಲುವೆ ದಡದ ಚಹಾದ ಮನೆಯಲ್ಲಿ ನಲವತ್ತು ವರ್ಷ ಕಥೆ ಹೇಳಿದವರು. ಅಲ್ಲೇ ನಾನು ನೀರು ಕಾಯಿಸಿ, ಚಹಾ ಮಾಡಿ ಬಟ್ಟಲು ತುಂಬುತ್ತಿದ್ದೆ. ಲೋಕವೆಲ್ಲ ಅವರನ್ನು ಹೊಗಳುತ್ತಿತ್ತು. ಅವರು ನನ್ನನ್ನು ಹೊಗಳಿದ್ದು ಒಂದು ದಿನವೂ ಇಲ್ಲ. ಕಥೆ ಕಟ್ಟುವ ಗುಟ್ಟನ್ನು ಮಾತ್ರ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದರು.

"ಒಂದೇ ಮಾತನ್ನ ಮೂರು ಸಲ ಹೇಳ್ಬೇಕು ಕಣೇ. ಎರಡನೇ ಸಲ ಜನ ಆಕಳಿಸ್ತಾರೆ, ಆಕಳಿಸ್ಲಿ ಬಿಡು. ಮೂರನೇ ಸಲ ಒಂದೇ ಒಂದು ಪದ ಬದಲಾಯ್ಸು. ತೆರೆದ ಬಾಯಿ ಮುಚ್ಚೋದೇ ಇಲ್ಲ!"

ಅವರಿಗೆ ಹೆಸರು ತಂದದ್ದು ಒಬ್ಬ ತಾಯಿಯ ಕಥೆ. ಯುದ್ಧಕ್ಕೆ ಹೋಗಿ ಕಾಣೆಯಾದ ಮಗನನ್ನು ಹುಡುಕುತ್ತ ಆಕೆ ಮೂರು ಹೊಳೆಗಳ ದಡದಲ್ಲಿ ಕೇಳುತ್ತಾಳೆ: "ಅಂಬಿಗಣ್ಣಾ, ನನ್ನ ಮಗನನ್ನ ಕಂಡ್ಯಾ?" ಇಬ್ಬರು "ಇಲ್ಲವ್ವಾ" ಅನ್ನುತ್ತಾರೆ. ಮೂರನೆಯವನು ಬಿದಿರಿನ ಟೋಪಿ ತೆಗೆದು "ಕಂಡೆನವ್ವಾ" ಅನ್ನುತ್ತಾನೆ. ಅವನೇ ಮಗ.

ಒಂದು ಮಧ್ಯಾಹ್ನ ಅದೇ ಕಥೆಯಲ್ಲಿ ಮೊದಲ ಹೊಳೆ ಮುಗಿಯಿತು. ಎರಡನೆಯದೂ ಮುಗಿಯಿತು. ಆಮೇಲೆ ಮತ್ತೆ ಎರಡನೆಯದೇ ಬಂತು.

ಮುಂದಿನ ಸಾಲಿನ ಕ್ಷೌರಿಕ ಪಾಂಗ್ ತೊಡೆ ತಟ್ಟಿದ. "ನೋಡ್ರೋ, ಮುದುಕ ನಮ್ಮನ್ನ ಕಾಯಿಸ್ತಾ ಇದಾನೆ!"

ಮತ್ತೆ ಎರಡನೇ ಹೊಳೆ. ಜನ ಚಪ್ಪಾಳೆ ಹೊಡೆದರು. ನಾನು ಅಪ್ಪನ ಕೈಯನ್ನೇ ನೋಡಿದೆ. ಮೇಜಿಗೆ ಬಡಿಯುವ ಮರದ ತುಂಡನ್ನು ಅಪ್ಪ ತಡಕಾಡಿ ಹುಡುಕುತ್ತಿದ್ದರು. ಅದು ಅವರ ಎಡಗೈಯಲ್ಲೇ ಇತ್ತು.

ಅಪ್ಪನಿಗೆ ಮರೆವು ಬಂದಿದೆ ಅಂತ ಜನಕ್ಕೆ ಗೊತ್ತಾದರೆ ನಲವತ್ತು ವರ್ಷದ ಮರ್ಯಾದೆ ಒಂದು ಗಳಿಗೆಯಲ್ಲಿ ನಗೆಪಾಟಲು. ಚಹಾದ ನೆಪ ಮಾಡಿಕೊಂಡು ಕೆಟಲು ಹಿಡಿದು ಅಪ್ಪ ಕೂತಿದ್ದ ಜಗಲಿ ಹತ್ತಿದೆ. ಅಪ್ಪ ನನ್ನನ್ನು ಗುರುತಿಲ್ಲದವಳನ್ನು ನೋಡುವಂತೆ ನೋಡಿದರು.

"ಅಂಬಿಗಣ್ಣಾ, ನನ್ನ ಮಗಳನ್ನ ಕಂಡ್ಯಾ?"

"ಬದಲಾಯ್ಸಿದ! ಒಂದೇ ಪದ!" ಪಾಂಗ್ ಎದ್ದು ನಿಂತು ಕೂಗಿದ. ಭೇಷ್ ಭೇಷ್ ಎಂದು ಸೂರು ಹಾರುವಷ್ಟು ಗದ್ದಲ. ನನಗೆ ಸಿಡಿಲು ಬಡಿದಂತಾಯಿತು. ಅಪ್ಪ ಕಥೆ ಹೇಳುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

ಕಥೆಯನ್ನು ದಡ ಸೇರಿಸಲೇಬೇಕಿತ್ತು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. "ಕಂಡೆನಪ್ಪಾ."

ಜನ ಕಣ್ಣೊರೆಸಿಕೊಂಡು ಚಪ್ಪಾಳೆ ಹೊಡೆದರು. ಆ ಸದ್ದಿನಲ್ಲಿ ಅಪ್ಪ ನಾನು ತುಂಬಿಕೊಟ್ಟ ಬಟ್ಟಲಿನಿಂದ ಒಂದು ಗುಟುಕು ಕುಡಿದು, ನನ್ನ ಕಿವಿಯ ಹತ್ತಿರ ಬಾಗಿದರು.

"ನೀನು ಅವಳಲ್ಲಮ್ಮಾ. ನನ್ನ ಮಗಳು ಮಾಡೋ ಚಹಾ ಬೇರೆ ಯಾರ ಕೈಲೂ ಬರಲ್ಲ."

ಆ ಮಾತನ್ನು ಅವರು ಒಂದೇ ಸಲ ಹೇಳಿದರು.