ಅವರ ಎಲೆಗೆ ಕೆಂಪು ಸಾರು

ವರ್ಷದ ತಿಥಿಗೆ ಇನ್ನೊಂದು ವಾರ ಇರುವಾಗ ಮೈಸೂರಿನಿಂದ ನನ್ನ ಗಂಡನ ಅಕ್ಕ ಫೋನ್ ಮಾಡಿದರು. ತಮ್ಮನ ತಿಥಿ ಸಿಯಾಟಲ್‌ನಲ್ಲಿ ನಡೆದರೂ ಅಡುಗೆಯ ಉಸ್ತುವಾರಿ ತಮ್ಮದೇ ಎಂದು ತಿಳಿದುಕೊಂಡವರು ಅವರು.

"ಸಾರು ಕರಿಮೆಣಸಿಂದೇ ಮಾಡು. ಕೆಂಪು ಮೆಣಸಿನಕಾಯಿ ಒಂದು ಚೂರೂ ಸೋಕಬಾರ್ದು. ಇಂಗೂ ಹಾಕ್ಬೇಡ" ಅಂದರು.

"ಅಕ್ಕ, ನಿಮ್ಮ ತಮ್ಮ ಕರಿಮೆಣಸಿನ ಸಾರು ಇಷ್ಟಪಟ್ಟು ಊಟ ಮಾಡಿದ್ದು ಯಾವತ್ತಾದ್ರೂ ನೋಡಿದೀರಾ?"

"ಈಗ ಅವನು ಬರೀ ನನ್ನ ತಮ್ಮ ಅಲ್ಲಮ್ಮ, ಪಿತೃ. ಪಿತೃಗಳಿಗೆ ಮೆಣಸಿನಕಾಯಿ ಆಗಲ್ಲ. ಅದು ಪರದೇಶದಿಂದ ಬಂದಿದ್ದು."

"ಪರದೇಶದಲ್ಲೇ ಬದುಕಿ, ಪರದೇಶದಲ್ಲೇ ಸತ್ತವರಿಗೆ ಯಾವ ದೇಶದ್ದು ಆಗುತ್ತೆ ಅಕ್ಕ?"

ಅವರು ಫೋನ್ ಇಟ್ಟರು. ನಾನೂ ಇಟ್ಟೆ. ಶನಿವಾರ ನನ್ನ ಗಂಡನ ಎಲೆಗೆ ಅವರ ಸಾರೇ ಬೀಳಬೇಕು, ಅವರು ಹುರಿಯುತ್ತಿದ್ದ ಹಾಗೆಯೇ ಹುರಿದ ಪುಡಿಯದ್ದು. ನಾನು ಅಷ್ಟನ್ನು ನಿರ್ಧಾರ ಮಾಡಿಬಿಟ್ಟಿದ್ದೆ. ತೊಂದರೆ ಒಂದೇ. ಅವರ ಕೈಯ ಪುಡಿ ಯುಗಾದಿಯ ಹೊತ್ತಿಗೇ ಮುಗಿದುಹೋಗಿತ್ತು. ಹುರಿಯುವ ಸೌಟನ್ನು ಅವರು ನನ್ನ ಕೈಗೆ ಒಂದು ದಿನವೂ ಕೊಟ್ಟವರಲ್ಲ.

ಈ ಒಂದು ವರ್ಷದಲ್ಲಿ ಎಲ್ಲರೂ ಸೇರಿ ನನ್ನ ಗಂಡನನ್ನು ಸಪ್ಪೆ ಮಾಡಿಟ್ಟಿದ್ದಾರೆ. ಇಲ್ಲಿಯ ಕನ್ನಡದವರು ಸೇರಿ ಮಾಡಿದ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರು ಅವರನ್ನು ಮಿತಭಾಷಿ ಅಂದರು. ಇನ್ನೊಬ್ಬರು ಯಾರ ಮನಸ್ಸನ್ನೂ ನೋಯಿಸದ ಶಾಂತಮೂರ್ತಿ ಅಂದರು. ನಾನು ಮೊದಲ ಸಾಲಿನಲ್ಲಿ ಕೂತು, ಯಾರ ವಿಷಯ ಮಾತಾಡುತ್ತಿದ್ದಾರಪ್ಪ ಎಂದು ಗೋಡೆಗೆ ಹಾಕಿದ್ದ ಫೋಟೊ ನೋಡಿದೆ. ಇದೇ ಜನರ ರಾಜ್ಯೋತ್ಸವದ ಊಟದಲ್ಲಿ ಬಿಸಿಬೇಳೆಬಾತ್ ಬಾಯಿಗಿಟ್ಟು, ಮೈಕ್ ಕಿತ್ತುಕೊಂಡು, "ಇದು ಜ್ವರ ಬಂದವರ ಊಟ, ನಮಗೆಲ್ಲ ಯಾಕೆ ಬಡಿಸಿದಿರಿ?" ಎಂದು ಕೇಳಿದವರು ಅವರು. ಜಗಳಗಂಟ. ಬಾಯಿಬಡುಕ. ಟೀವಿಯಲ್ಲಿ ಹವಾಮಾನ ಹೇಳುವವರ ಜೊತೆಗೂ ವಾದಕ್ಕೆ ನಿಲ್ಲುತ್ತಿದ್ದರು. ನಾನು ಪ್ರೀತಿಸಿದ್ದು ಆ ಮನುಷ್ಯನನ್ನು. ಆ ಫೋಟೊದ ಕೆಳಗೆ ನಿಂತು ಇವರು ಹೊಗಳಿದ ಸಾಧುವಿನ ಪರಿಚಯ ನನಗಿಲ್ಲ.

ವಿಮಾನದ ರೆಕ್ಕೆಯನ್ನು ಎಷ್ಟು ಬಗ್ಗಿಸಿದರೆ ಮುರಿಯುತ್ತದೆ ಎಂದು ಪರೀಕ್ಷೆ ಮಾಡುವುದು ಅವರ ನೌಕರಿ. ಮನೆಯಲ್ಲಿ ಅವರ ಪಾಲಿನ ಕೆಲಸ ವರ್ಷಕ್ಕಾಗುವಷ್ಟು ಸಾರಿನ ಪುಡಿ. ಅವರ ಅಮ್ಮನಿಗೆ ದಮ್ಮು ಇತ್ತಂತೆ, ಘಾಟು ತಡೆಯುತ್ತಿರಲಿಲ್ಲವಂತೆ. ಹಾಗಾಗಿ ಚಿಕ್ಕಂದಿನಲ್ಲೇ ಹುರಿಯುವ ಕೆಲಸ ಇವರ ಕೈಗೆ ಬಂದಿತ್ತು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಮೆಣಸಿನಕಾಯಿ ಹುರಿಯುವಾಗ ಮೇಲೆ ಒಂದಿಷ್ಟು ಹರಳೆಣ್ಣೆ. ಧನಿಯ, ಜೀರಿಗೆ, ಮೆಂತ್ಯ, ಕರಿಬೇವು ಎಲ್ಲಕ್ಕೂ ಬೇರೆ ಬೇರೆ ಸರದಿ.

ನಾನು ಮದುವೆಯಾಗಿ ಬಂದಾಗ ಅವರಿನ್ನೂ ಯೂನಿವರ್ಸಿಟಿಯಲ್ಲಿ ಓದುತ್ತಿದ್ದರು. ಮೊದಲ ಚಳಿಗಾಲ. ಹೊರಗೆ ಕೊರೆಯುವ ಚಳಿ ಎಂದು ಅಪಾರ್ಟ್‌ಮೆಂಟಿನ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಮೆಣಸಿನಕಾಯಿ ಹುರಿಯಲು ನಿಂತರು. ಅಲಾರಂ ಕಿರುಚಿಕೊಂಡಿತು. ಇಡೀ ಕಟ್ಟಡದ ಜನ ಕೆಮ್ಮುತ್ತಾ, ಸೀನುತ್ತಾ, ನೈಟ್‌ಡ್ರೆಸ್ಸಿನಲ್ಲೇ ಮಳೆಯಲ್ಲಿ ನಿಂತರು. ಫೈರ್ ಇಂಜಿನ್ ಬಂತು. ಮುಖವಾಡ ಹಾಕಿಕೊಂಡ ಇಬ್ಬರು ಒಳಗೆ ನುಗ್ಗಿ ನಮ್ಮ ಬಾಣಲೆಯನ್ನು ಬಾಂಬಿನ ಹಾಗೆ ಹಿಡಿದುಕೊಂಡು ಹೊರಗೆ ತಂದರು. ಇದೇನು ಎಂದು ಕೇಳಿದ್ದಕ್ಕೆ ನಮ್ಮವರು ಮೂಗು ಒರೆಸಿಕೊಳ್ಳುತ್ತಾ "ಲಂಚ್" ಅಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು.

ಬೇರೆಯವರಾಗಿದ್ದರೆ ಅವತ್ತೇ ಪ್ಯಾಕೆಟ್ ಪುಡಿಗೆ ಶರಣಾಗುತ್ತಿದ್ದರು. ಇವರು ಮುಂದಿನ ಶನಿವಾರ ಕ್ಯಾಂಪಿಂಗ್ ಸ್ಟವ್ ಒಂದನ್ನು ಎರವಲು ತಂದು, ಪಾರ್ಕಿನ ಮರದ ಕೆಳಗೆ ಕೂತು, ಉಳಿದದ್ದನ್ನು ಹುರಿದು ಮುಗಿಸಿದರು. ಜಿಟಿಜಿಟಿ ಮಳೆ. ನಾನು ಕೊಡೆ ಹಿಡಿದು ನಿಂತಿದ್ದೆ. ಬಾಣಲೆಗೆ ಹನಿ ಬೀಳದಂತೆ ಹಿಡಿ, ನಾನು ನೆನೆದರೆ ಚಿಂತೆಯಿಲ್ಲ ಎಂದು ನನ್ನನ್ನೇ ಬೈದರು.

ಆಮೇಲೆ ಸಿಯಾಟಲ್ ಪಕ್ಕದ ಶೋರ್‌ಲೈನ್‌ನಲ್ಲಿ ಮನೆ ತೆಗೆದುಕೊಂಡೆವು. ಹಿತ್ತಲು ಸಿಕ್ಕಿತು. ಜುಲೈನಲ್ಲಿ ಬಿಸಿಲು ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ಹಿತ್ತಲಲ್ಲಿ ಸ್ಟವ್ ಹೊತ್ತಿಸುತ್ತಿದ್ದರು. ಮೊದಲ ವರ್ಷ ಪಕ್ಕದ ಮನೆಯಾತ ಬೇಲಿಯ ಹತ್ತಿರ ಬಂದು, ಕಣ್ಣೀರು ಸುರಿಸುತ್ತಾ ಕೂಗಾಡಿದ. ಇವರಿಗೂ ಕಣ್ಣೀರು ಸುರಿಯುತ್ತಿತ್ತು. "ನೀವು ಮಾಂಸ ಸುಡೋ ಹೊಗೇನ ನಾನು ಇಡೀ ಬೇಸಿಗೆ ಕುಡೀತೀನಿ. ನನ್ನ ಮೆಣಸಿನಕಾಯಿ ಹೊಗೇನ ನೀವು ಒಂದು ಬೆಳಿಗ್ಗೆ ಕುಡೀರಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ಸೌಟು ಆಡಿಸುವುದನ್ನು ಮುಂದುವರಿಸಿದರು. ಕೊನೆಗೆ ಹುರಿಯುವ ದಿನವನ್ನು ಮೊದಲೇ ತಿಳಿಸುವುದು, ಅವತ್ತು ಆತ ಕಿಟಕಿ ಮುಚ್ಚಿಕೊಳ್ಳುವುದು ಎಂದು ರಾಜಿಯಾಯಿತು.

ಜಗತ್ತಿಗೆಲ್ಲ ಸೆಡ್ಡು ಹೊಡೆಯುವ ಈ ಮನುಷ್ಯ ಸೋಲುತ್ತಿದ್ದದ್ದು ನಮ್ಮ ಒಬ್ಬಳೇ ಮಗಳ ಹತ್ತಿರ. ಅವಳು ಮಿಡಲ್ ಸ್ಕೂಲಿನಲ್ಲಿದ್ದಾಗ ಬಸ್ಸಿನಲ್ಲಿ ಯಾರೋ ಅವಳ ಜಾಕೆಟ್ ಮೂಸಿ ಮೂಗು ಮುಚ್ಚಿಕೊಂಡರಂತೆ. ಮನೆಗೆ ಬಂದವಳು ಜಾಕೆಟ್ಟನ್ನು ಬಾಗಿಲ ಹೊರಗೇ ಎಸೆದು ರೂಮಿನ ಬಾಗಿಲು ಹಾಕಿಕೊಂಡಳು. ನಮ್ಮ ಊಟದ ವಾಸನೆಗೆ ನಾಚಿಕೆ ಏನು ಎಂದು ನಾನು ಶುರುಮಾಡಿದೆ. ಅವರು ಜಾಕೆಟ್ ಎತ್ತಿಕೊಂಡು ಹೋಗಿ ತಾವೇ ಒಗೆದರು. ಮರುದಿನದಿಂದ ಅವಳ ಜಾಕೆಟ್ಟು, ಸ್ವೆಟರು ಎಲ್ಲ ಕಾರಿನ ಡಿಕ್ಕಿಯಲ್ಲಿ, ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಳಗೆ. ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಚಪ್ಪಲಿ ಮೆಟ್ಟಿ ಹೋಗಿ ಒಂದನ್ನು ತಂದುಕೊಡುತ್ತಿದ್ದರು.

"ಅವಳನ್ನ ಹೀಗೆ ಹೆದರಿಸಿ ಬೆಳೆಸ್ತೀರಾ?" ಎಂದು ನಾನು ಜಗಳ ತೆಗೆದೆ.

"ನಾನು ಜಗಳ ಆಡೋದು ನನ್ನ ಖುಷಿಗೆ ಕಣೇ. ಅವಳ್ಯಾಕೆ ನನ್ನ ಜಗಳ ಹೊತ್ಕೊಂಡು ಸ್ಕೂಲಿಗೆ ಹೋಗ್ಬೇಕು?"

ಅವಳು ಕಾಲೇಜು ಮುಗಿಸಿ, ಕೆಲಸ ಹಿಡಿದು ಕರ್ಕ್‌ಲ್ಯಾಂಡ್‌ಗೆ ಹೋದ ಮೇಲೂ ಅಷ್ಟೇ. ಜುಲೈನಲ್ಲಿ ಅವಳು ಮನೆಗೆ ಬಂದಿದ್ದರೆ ಹುರಿಯುವ ಮೊದಲು ಅವಳ ಜಾಕೆಟ್ ಕಾರಿಗೆ ಹೋಗುತ್ತಿತ್ತು. ಕಳೆದ ವರ್ಷ ಹುರಿಯುವ ದಿನ ಬರಲಿಲ್ಲ. ಅದಕ್ಕೆ ಮುಂಚೆಯೇ ಎದೆನೋವು ಅಂದರು, ಆಂಬುಲೆನ್ಸಿನಲ್ಲಿ ಹೋದರು, ವಾಪಸ್ ಬರಲಿಲ್ಲ. ಅವರಿಲ್ಲದೆ ನನಗೆ ಬದುಕುವುದು ಒಂಚೂರೂ ಇಷ್ಟವಿಲ್ಲ. ಕಾಲ ಎಲ್ಲ ಮರೆಸುತ್ತದೆ ಎಂದು ಹೇಳಲು ಬಂದವರಿಗೆಲ್ಲ ನಾನು ಕಾಫಿ ಕೊಟ್ಟು ಬೇಗ ಕಳಿಸಿದ್ದೇನೆ.

ತಿಥಿಯ ಹಿಂದಿನ ದಿನ ರಜಾ ಹಾಕಿ ಮಗಳು ಬಂದಳು. ಹಿತ್ತಲಲ್ಲಿ ಸ್ಟವ್ ಹೊತ್ತಿಸಿದೆ. ಮೊದಲ ಬಾಣಲೆ ಕರಕಲಾಯಿತು. ಅವರಿದ್ದಿದ್ದರೆ ಬೀದಿಗೆಲ್ಲ ಕೇಳುವ ಹಾಗೆ ಆಡಿಕೊಳ್ಳುತ್ತಿದ್ದರು. ಎರಡನೆಯದಕ್ಕೆ ಉರಿ ತಗ್ಗಿಸಿ, ಹರಳೆಣ್ಣೆ ಬಿಟ್ಟು, ಅವರ ಹಾಗೆ ಅಡಿಯಿಂದ ಮಗುಚುತ್ತಾ ಹೋದೆ. ಘಾಟು ಏಳುವ ಮೊದಲು ನೆನಪಾಯಿತು. ಕುರ್ಚಿಯ ಮೇಲಿದ್ದ ಮಗಳ ಜಾಕೆಟ್ ಎತ್ತಿಕೊಂಡು ಕಾರಿನ ಕಡೆ ಹೊರಟೆ.

"ಅಮ್ಮಾ, ಲೀವ್ ಇಟ್ ಹಿಯರ್" ಅಂದಳು.

"ವಾಸನೆ ಹತ್ತುತ್ತೆ ಪುಟ್ಟಿ, ಹೋಗಲ್ಲ ಆಮೇಲೆ."

"ಐ ನೋ" ಎಂದವಳೇ ನನ್ನ ಕೈಯಿಂದ ಕಿತ್ತುಕೊಂಡು, ಗಾಳಿ ಬೀಸುವ ಕಡೆ ನೋಡಿ, ಹೊಗೆಗೆ ಅಡ್ಡವಾಗಿ ಬೇಲಿಯ ಮೇಲೆ ಹರವಿದಳು. ಆಚೆ ಮನೆಯ ಕಿಟಕಿ ದಡಕ್ಕನೆ ಮುಚ್ಚಿಕೊಂಡಿತು. ಈ ಸಲ ತಿಳಿಸುವುದನ್ನು ಮರೆತಿದ್ದೆ. ತಾಯಿ ಮಗಳು ಇಬ್ಬರೂ ಕೆಮ್ಮಿದೆವು, ಅತ್ತೆವು. ಮೆಣಸಿನಕಾಯಿಯ ನೆಪ ಇಬ್ಬರಿಗೂ ಬೇಕಿರಲಿಲ್ಲ.

ಶನಿವಾರ ಪುರೋಹಿತರು ಬಂದರು. ವಾರವೆಲ್ಲ ಸಾಫ್ಟ್‌ವೇರ್ ಕೆಲಸ, ರಜಾದಿನ ಪೌರೋಹಿತ್ಯ. ತಿಥಿ ಮಾಡಲು ಮಗಳು ಕೂತದ್ದಕ್ಕೆ ಅವರು ಚಕಾರ ಎತ್ತಲಿಲ್ಲ. ಎಲೆಗೆ ನಾನು ಸಾರು ತಂದಾಗ ಮಾತ್ರ ಮಂತ್ರ ನಿಂತಿತು.

"ಆಂಟಿ, ಕೆಂಪಗಿದೆಯಲ್ಲ?"

"ಹೌದು, ಮೆಣಸಿನಕಾಯಿ ಹಾಕಿದೀನಿ. ಇಂಗೂ ಹಾಕಿದೀನಿ. ನಿಮಗೆ ಕರಿಮೆಣಸಿನ ಸಾರು ಬೇರೆ ಇದೆ, ನಿಮ್ಮ ನೇಮಕ್ಕೆ ನಾನು ಕೈ ಹಾಕಲ್ಲ. ಈ ಎಲೆ ನನ್ನ ಗಂಡಂದು. ಹಸಿದ್ಕೊಂಡು ಬಂದವರಿಗೆ ಬೇಡದ್ದು ಬಡಿಸೋಕೆ ನನ್ನ ಕೈಲಾಗಲ್ಲ."

"ಶಾಸ್ತ್ರದಲ್ಲಿ ಇಲ್ಲ ಆಂಟಿ."

"ಇಲ್ಲದೇ ಇರಬಹುದು. ಪಾಪ ಬಂದ್ರೆ ನನ್ನ ತಲೆ ಮೇಲಿರಲಿ, ನೀವು ಮುಂದುವರ್ಸಿ."

ಅವರು ಮಂತ್ರ ಮುಂದುವರಿಸಿದರು. ಊಟಕ್ಕೆ ಕೂತಾಗ ಕರಿಮೆಣಸಿನದನ್ನೇ ಬಡಿಸಿಕೊಂಡರು. ಮೈಸೂರಿನ ಅಕ್ಕ ವೀಡಿಯೊ ಕಾಲ್‌ನಲ್ಲಿ ಎಲ್ಲವನ್ನೂ ನೋಡಿದರು. "ಎಲ್ಲಾ ಕೆಡಿಸ್ಬಿಟ್ಟೆ" ಅಂದರು. ಅವರು ಇನ್ನೂ ನನ್ನ ಜೊತೆ ಮಾತು ಬಿಟ್ಟೇ ಇದ್ದಾರೆ. ಅವರಾಗಿಯೇ ಫೋನ್ ಮಾಡಲಿ, ಕ್ಷಮೆ ಕೇಳಲು ನಾನು ಮಾಡುವುದಿಲ್ಲ.

ಸೋಮವಾರ ಮಧ್ಯಾಹ್ನ ಆಫೀಸಿನಿಂದ ಮಗಳು ಕಾಲ್ ಮಾಡಿದಳು. ಅದೇ ಜಾಕೆಟ್ ಹಾಕಿಕೊಂಡು ಹೋಗಿದ್ದಳಂತೆ. ಲಿಫ್ಟ್‌ನಲ್ಲಿ ಪಕ್ಕದಲ್ಲಿ ನಿಂತವರೊಬ್ಬರು ಸೀನಿ, ಅತ್ತ ಇತ್ತ ನೋಡಿ, ಇದೇನು ವಾಸನೆ ಎಂದು ಕೇಳಿದರಂತೆ.

"ಏನಂದೆ?"

"ಇಟ್ಸ್ ಮೈ ಅಪ್ಪ, ಅಂದೆ."